ಹಗ್ಗ ಹಿಡಿಯುವವರು ಬೇಕು

ಶಿಕಾರಿಪುರ, ಸೊರಬದಲ್ಲೂ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಮಕ್ಕಳಿದ್ದರೆ, ಜೀವ ಉಳೀತಲ್ಲ, ಮನೇಲಿ ಕೂತಿರ್ಲಿ ಬಿಡಿ ಅನ್ನೋದೇ ಸಮಾಧಾನ. ಪ್ರಾಯದ ಮಗ ಕಿಟಕಿ ಪಕ್ಕ ಕೂತೇ ವರ್ಷಗಳು ಉರುಳುತ್ತವೆ.

ಹಿಮ ಬೀಳುವ ದೇಶಗಳಲ್ಲಿ ಇಂಥವರನ್ನೂ ಸ್ಕೀಯಿಂಗಿಗೆ ಕರೆದೊಯ್ಯುತ್ತಾರೆ. ಜಾರುವ ಎರಡು ಸ್ಕೀ ಪಟ್ಟಿಗಳ ಮೇಲೊಂದು ಸೀಟು. ಬೆಲ್ಟ್ ಬಿಗಿದು ಕೂರಿಸಿದರೆ, ತರಬೇತಾದವರು ಹಿಂದಿನಿಂದ ಹಗ್ಗ ಹಿಡಿದಿರುತ್ತಾರೆ. ಮೈ ವಾಲಿಸಿದತ್ತ ಸೀಟು ತಿರುಗುತ್ತದೆ. ಓಟ ಅವನದು, ಕಾವಲು ಅವರದು.

ನಮ್ಮಲ್ಲಿ ಹಿಮವಿಲ್ಲ, ನಿಜ. ಮೈದಾನವಿದೆ. ಅದನ್ನು ಅಂಗವಿಕಲರಿಗೂ ಒಗ್ಗುವಂತೆ ಮಾಡಬೇಕೆಂದು 2016ರ ಕಾಯ್ದೆಯ 30ನೇ ಕಲಂ ಹೇಳುತ್ತದೆ. ಡಾಕ್ಟರನ್ನು ಕೇಳಿ, ಸಂಜೆ ಚೆಂಡಾಟಕ್ಕೆ ಕರೆದೊಯ್ಯಲು ಅಡ್ಡಿಯೇನು? ಹಿಂದೆ ನಿಲ್ಲಲು ಒಬ್ಬರು ಬೇಕು. ಅದು ಅಪ್ಪ-ಅಮ್ಮನೇ ಆಗಬೇಕೆಂದಿಲ್ಲ, ಸ್ವಾಮಿ!