ಕಂಪಿಸುವ ತಂತಿಗೆ ಎಷ್ಟು ಜಾಗ ಬೇಕು?

ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಗೆ, ದಾರದ ಒಂದು ಎಳೆ ಸರಿಸುತ್ತಾರೆ. ತಂತಿ ಕುದುರೆಯನ್ನು ಸವರಿಕೊಂಡು ಝೇಂಕರಿಸುತ್ತದೆ. ಅದು ಬೇಕೆಂದೇ ಹುಟ್ಟಿಸಿದ ನಾದ. ಎಲೆಕ್ಟ್ರಿಕ್ ಬೇಸ್ ಗಿಟಾರಿನ ತಂತಿ ಲೋಹದ ಫ್ರೆಟ್ಟಿಗೆ ತಾಗಿ ‘ಝರ್’ ಎಂದಾಗಲೂ ನಡೆಯುವುದು ಹೆಚ್ಚುಕಡಿಮೆ ಇದೇ, ಆದರೆ ಅದು ಕರೆಯದೆ ಬಂದ ನೆಂಟ. ಮನೆಯಲ್ಲೇ ಬೇಸನ್ನು ಹದಕ್ಕೆ ತರುವ ಕೆಲಸದ ಮುಕ್ಕಾಲು ಪಾಲು, ತಂತಿಗೆ ಕಂಪಿಸಲು ಸಾಕಷ್ಟು ಜಾಗ ಕೊಡುವುದು, ಆದರೆ ಬೆರಳು ಸೋಲುವಷ್ಟು ಕೊಡದಿರುವುದು.

ಈ ಜಾಗ ಸಾಮಾನ್ಯ ಗಿಟಾರಿಗಿಂತ ಬೇಸ್‌ಗೆ ಹೆಚ್ಚು ಬೇಕು. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್‌ನಲ್ಲಿ ನಟ್‌ನಿಂದ ಬ್ರಿಡ್ಜ್‌ವರೆಗೆ ತಂತಿಯ ಉದ್ದ 34 ಅಂಗುಲ. ಇಂದಿಗೂ ಬಹುಪಾಲು ಬೇಸ್‌ಗಳ ಅಳತೆ ಅದೇ. ಅತಿ ದಪ್ಪನೆಯ ‘ಇ’ ತಂತಿ ಸೆಕೆಂಡಿಗೆ ಸುಮಾರು 41 ಸಲ ಮಾತ್ರ ಕಂಪಿಸುತ್ತದೆ, ತೆಳ್ಳಗಿನ ‘ಜಿ’ 98 ಸಲ. ಉದ್ದ, ಭಾರ, ನಿಧಾನ ಮೂರೂ ಸೇರಿದ್ದರಿಂದ ‘ಇ’ ತಂತಿಯ ತೂಗಾಟ ಬರಿಗಣ್ಣಿಗೇ ಕಾಣುವಷ್ಟು ಅಗಲ. ಅದು ಅತಿ ಹೆಚ್ಚು ಅಗಲವಾಗುವುದು ನಡುವಿನಲ್ಲಿ. ಹಾಗಾಗಿ ನೆಕ್ ಅಡಿಪಟ್ಟಿಯಂತೆ ನೇರವಾಗಿರಬೇಕೆಂಬ ನಂಬಿಕೆ ತಪ್ಪು. ನಡುವೆ ಅದು ಕೂದಲೆಳೆಯಷ್ಟು ತಗ್ಗಿರಬೇಕು.

ಆ ತಗ್ಗನ್ನು ಅಳೆಯಲು ತಂತಿಯೇ ಅಡಿಪಟ್ಟಿ. ಮೊದಲು ಸರಿಯಾಗಿ ಶ್ರುತಿ ಮಾಡಿ. ಒಂದನೆಯ ಫ್ರೆಟ್‌ಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ನೆಕ್ ಒಡಲನ್ನು ಸೇರುವಲ್ಲಿ ‘ಇ’ ತಂತಿಯನ್ನು ಒತ್ತಿ ಹಿಡಿಯಿರಿ. ಎಂಟನೆಯ ಫ್ರೆಟ್‌ನ ನೆತ್ತಿಗೂ ತಂತಿಗೂ ನಡುವೆ ಸುಮಾರು 0.3 ಮಿ.ಮೀ. ಸಂದು ಉಳಿದರೆ ಚೆನ್ನ. ಬೈಕ್ ಮೆಕ್ಯಾನಿಕ್‌ಗಳು ಇಟ್ಟುಕೊಂಡಿರುವ ಫೀಲರ್ ಗೇಜ್ ಇದ್ದರೆ ಅನುಮಾನಕ್ಕೆ ಎಡೆಯಿಲ್ಲ. ಇಲ್ಲದಿದ್ದರೆ ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿದರೂ ಅಂದಾಜು ಸಿಗುತ್ತದೆ.

ಸಂದು ಹೆಚ್ಚೋ ಕಡಿಮೆಯೋ ಆಗುವುದೇಕೆ? ನಾಲ್ಕು ತಂತಿಗಳು ಒಟ್ಟಾಗಿ ನೆಕ್ಕನ್ನು ಎಳೆಯುವ ಬಲ 70ರಿಂದ 80 ಕೆ.ಜಿ. ತೂಕದಷ್ಟು. ಒಬ್ಬ ದೊಡ್ಡ ಮನುಷ್ಯ ಹಗಲಿರುಳೂ ಅದಕ್ಕೆ ಜೋತುಬಿದ್ದ ಹಾಗೆ. ಅದಕ್ಕೆ ಎದುರುಬಲ ಕೊಡಲು ನೆಕ್ಕಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿದೆ. ಇಂದು ನಾವು ತಿರುಗಿಸುವ ಬಗೆಯ ಸರಳಿಗೆ 1920ರ ದಶಕದಲ್ಲಿ ಪೇಟೆಂಟ್ ಪಡೆದವರು ಗಿಬ್ಸನ್ ಕಂಪನಿಯ ಥಡ್ಡಿಯಸ್ ಮೆಕ್‌ಹ್ಯೂ. ತಂತಿ, ಸರಳು ಇವೆರಡರ ಹಗ್ಗಜಗ್ಗಾಟದ ನಡುವೆ ಇರುವುದು ಮರ. ಮರವೋ ಗಾಳಿಯ ತೇವ ಕುಡಿದು ಅಡ್ಡಲಾಗಿ ಉಬ್ಬುತ್ತದೆ, ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ. ಫಿಂಗರ್‌ಬೋರ್ಡ್ ಒಂದು ಮರ, ನೆಕ್ ಇನ್ನೊಂದು ಮರವಾದರೆ ಎರಡೂ ಒಂದೇ ಸಮ ಉಬ್ಬದೆ ನೆಕ್ ಬಾಗುತ್ತದೆ. ಏಪ್ರಿಲ್‌ನಲ್ಲಿ ಇಂಪಾಗಿ ನುಡಿದ ಬೇಸ್ ಜುಲೈನಲ್ಲಿ, ಮಂಗಳೂರಿನಲ್ಲೋ ಮಡಿಕೇರಿಯಲ್ಲೋ, ಝರಗುಟ್ಟಿದರೆ ವಾದ್ಯ ಕೆಟ್ಟಿತೆಂದು ಗಾಬರಿಯಾಗಬೇಡಿ. ಮಳೆಗಾಲ ಬಂದಿದೆ, ಅಷ್ಟೆ.

ತಗ್ಗು ಹೆಚ್ಚಿದ್ದರೆ ಅಲೆನ್ ಕೀಯಿಂದ ರಾಡನ್ನು ಬಲಕ್ಕೆ ಬಿಗಿಮಾಡಿ, ತಗ್ಗೇ ಇಲ್ಲದಿದ್ದರೆ ಎಡಕ್ಕೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತು, ಹೆಚ್ಚೇ ಬೇಡ. ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ. ಮರ ಒಡನೆಯೇ ಮಾತು ಕೇಳುವುದಿಲ್ಲ, ಮರುದಿನ ಇನ್ನಷ್ಟು ಸರಿಯಬಹುದು. ರಾಡ್ ಜಗ್ಗದೆ ಹಟ ಹಿಡಿದರೆ ಬಲಪ್ರಯೋಗ ಮಾಡದೆ ರಿಪೇರಿಯವರ ಬಳಿ ಒಯ್ಯಿರಿ. ಮುರಿದ ರಾಡ್ ಬದಲಿಸುವ ಖರ್ಚಿನಲ್ಲಿ ಕೆಲವೊಮ್ಮೆ ಇನ್ನೊಂದು ಬೇಸ್ ಬಂದೀತು.

ತಂತಿಯ ಎತ್ತರದ ಸರದಿ ಇದರ ನಂತರ. ಅವಸರದವರು ಮೊದಲೇ ಬ್ರಿಡ್ಜ್‌ನ ಸ್ಯಾಡಲ್‌ಗಳಿಗೆ ಕೈ ಹಾಕುತ್ತಾರೆ, ಆಮೇಲೆ ನೆಕ್ ಸರಿಪಡಿಸಿದಾಗ ಆ ಅಳತೆಯೆಲ್ಲ ನೀರುಪಾಲು. ಹದಿನೇಳನೆಯ ಫ್ರೆಟ್‌ನ ಮೇಲೆ ‘ಇ’ ತಂತಿಗೆ 2.4 ಮಿ.ಮೀ., ‘ಜಿ’ ತಂತಿಗೆ 2 ಮಿ.ಮೀ. ಒಳ್ಳೆಯ ಆರಂಭ. ಬಲವಾಗಿ ಮೀಟುವವರಿಗೆ ಇನ್ನೂ ಸ್ವಲ್ಪ ಎತ್ತರ ಬೇಕಾಗುತ್ತದೆ. ಆಂಪ್‌ನಲ್ಲಿ ಕೇಳಿಸದ, ಬರಿಗಿವಿಗಷ್ಟೇ ಕೇಳುವ ಸಣ್ಣ ಝರಗುಟ್ಟನ್ನು ನಾನಾದರೆ ಬೆನ್ನಟ್ಟಿ ಹೋಗುವುದಿಲ್ಲ.

ಮುಂದಿನದು ಸ್ವರಶುದ್ಧಿ. ಸರಸ್ವತಿ ವೀಣೆಯ 24 ಮೆಟ್ಟಿಲುಗಳು ಮೇಣದಲ್ಲಿ ಕೂತಿರುತ್ತವೆ. ಸ್ವರ ತಪ್ಪಿದರೆ ಮೇಣ ಕಾಯಿಸಿ ಮೆಟ್ಟಿಲನ್ನೇ ಸರಿಸಬಹುದು. ಬೇಸ್‌ನ ಫ್ರೆಟ್‌ಗಳು ಮರಕ್ಕೆ ಬಡಿದವು, ಅಲುಗುವುದಿಲ್ಲ. ಪ್ರತಿ ಫ್ರೆಟ್ಟಿಗೂ ಕಂಪನಸಂಖ್ಯೆ 1.0595 ಪಟ್ಟು ಹೆಚ್ಚುವಂತೆ ಲೆಕ್ಕ ಹಾಕಿ ಕೂರಿಸಿರುತ್ತಾರೆ. ಹನ್ನೆರಡನೆಯದು ತಂತಿಯ ಸರಿಯಾಗಿ ಅರ್ಧಕ್ಕೆ. ಆದರೆ ಲೆಕ್ಕ ಒಪ್ಪಿದರೂ ಉಕ್ಕು ಒಪ್ಪುವುದಿಲ್ಲ. ಒತ್ತಿದಾಗ ತಂತಿ ತುಸು ಎಳೆಯಲ್ಪಟ್ಟು ಸ್ವರ ಏರುತ್ತದೆ. ದಪ್ಪ ತಂತಿಯ ಬಿರುಸೂ ಸ್ವರವನ್ನು ಮೇಲಕ್ಕೆ ದೂಡುತ್ತದೆ. ಪರಿಹಾರವೆಂದರೆ ತಂತಿಯನ್ನು ಸ್ವಲ್ಪ ಉದ್ದ ಮಾಡುವುದು. ಸ್ಯಾಡಲ್‌ಗಳು ಮೆಟ್ಟಿಲು ಮೆಟ್ಟಿಲಾಗಿ, ‘ಇ’ಯದು ಎಲ್ಲಕ್ಕಿಂತ ಹಿಂದೆ, ನಿಂತಿರುವುದು ಇದಕ್ಕೇ. ತೆರೆದ ತಂತಿಯನ್ನು ಶ್ರುತಿ ಮಾಡಿ, ಹನ್ನೆರಡನೆಯ ಫ್ರೆಟ್ ಒತ್ತಿ ಟ್ಯೂನರ್ ನೋಡಿ. ಸ್ವರ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಹಳೆಯ ತಂತಿಯ ಮೇಲೆ ಈ ಕೆಲಸ ದಂಡ. ಬೆವರು, ಚರ್ಮದ ಪುಡಿ ಸುತ್ತುಗಳ ಸಂದಿನಲ್ಲಿ ತುಂಬಿ ತೂಕ ಏರುಪೇರಾಗುತ್ತದೆ, ಮೇಲಿನ ಅನುಸ್ವರಗಳು ಸಾಯುತ್ತವೆ. ಬಿಸಿನೀರಲ್ಲಿ ಕುದಿಸಿದರೆ ಹೊಳಪು ಕೆಲವು ದಿನ ಮರಳುತ್ತದೆ. ಅದೇ ಮಬ್ಬನ್ನು ಬಯಸಿದವರೂ ಇದ್ದಾರೆ: ಡೆಟ್ರಾಯ್ಟ್‌ನ ಮೋಟೌನ್ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್, ತಂತಿ ಕಡಿಯುವವರೆಗೂ ಬದಲಿಸದವರೆಂದೇ ಹೆಸರಾದವರು. ಹೊಸ ತಂತಿ ಹಾಕುವಾಗ ತುದಿಯನ್ನು ಮೊದಲು ಮಡಿಸಿ, ಆಮೇಲೆ ಕತ್ತರಿಸಿ. ನೇರವಾಗಿ ಕತ್ತರಿಸಿದರೆ ಹೊರಸುತ್ತು ಸಡಿಲಗೊಂಡು ಹೊಸ ತಂತಿಯೂ ಮಂಕಾದೀತು.

ಪಿಕಪ್‌ಗಳನ್ನು ಕೊನೆಗಿರಿಸಿಕೊಳ್ಳಿ. ಪಿಕಪ್‌ನ ಅಯಸ್ಕಾಂತದ ಮೇಲೆ ಉಕ್ಕಿನ ತಂತಿ ಅಲುಗಿದಾಗ ಅದರ ಸುತ್ತಲಿನ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ, ಫ್ಯಾರಡೆ 1831ರಲ್ಲಿ ಕಂಡದ್ದೇ. ಹತ್ತಿರ ತಂದಷ್ಟೂ ಸದ್ದು ದೊಡ್ಡದು. ತೀರ ಹತ್ತಿರವಾದರೆ ಅಯಸ್ಕಾಂತ ತಂತಿಯನ್ನೇ ಸೆಳೆದು ಸ್ವರವನ್ನು ತೊಳಲಿಸುತ್ತದೆ. ಕೊನೆಯ ಫ್ರೆಟ್ ಒತ್ತಿದಾಗ 3 ಮಿ.ಮೀ. ಆಸುಪಾಸಿನ ಅಂತರ ಸಾಕು. ನಿಮ್ಮದು ಬ್ಯಾಟರಿ ಹಾಕುವ ಆಕ್ಟಿವ್ ಬೇಸ್ ಆಗಿದ್ದರೆ, ನುಡಿಸಿ ಮುಗಿದ ಮೇಲೆ ಕೇಬಲ್ ಕಿತ್ತಿಡಿ. ಸಾಮಾನ್ಯವಾಗಿ ಜ್ಯಾಕ್‌ನಲ್ಲಿ ಕೇಬಲ್ ಇರುವವರೆಗೂ 9 ವೋಲ್ಟ್ ಬ್ಯಾಟರಿ ಸವೆಯುತ್ತಲೇ ಇರುತ್ತದೆ.