ಶಿಡ್ಲಘಟ್ಟದ ಹಬೆ

ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮುಗಿದಿತ್ತು. ಗೂಡಿನಿಂದ ಎಳೆ ಬಿಚ್ಚುವ ರೀಲರ್ ಒಬ್ಬರು ಕೊಂಡ ಲಾಟು ಆಟೋ ಏರಿತು, ನಾನೂ ಅವರ ಹಿಂದೆಯೇ ಹೊರಟೆ. ಗಲ್ಲಿ ತಿರುಗುವ ಮೊದಲೇ ಬೆಂದ ಹುಳದ ವಾಸನೆ ಮೂಗಿಗೆ ಬಡಿಯಿತು.

ಸ್ತನದ ಗೆಡ್ಡೆಯನ್ನು ಕೊಯ್ಯದೆ, ಸೂಜಿಯಂಥ ಸಲಾಕೆ ಇಳಿಸಿ ಒಳಗೇ ರೇಡಿಯೋ ತರಂಗದ ಶಾಖದಿಂದ ಸಾಯಿಸುವ ಚಿಕಿತ್ಸೆಯ ಬಗ್ಗೆ ಕೆಲವು ದಿನಗಳಿಂದ ಓದುತ್ತಿದ್ದೆ. ಅದನ್ನು ಪ್ರಾಣಿಗಳ ಮೇಲೆ ಯಾಕೆ ಅಷ್ಟು ಪರೀಕ್ಷಿಸಬೇಕಾಯಿತು ಅನ್ನುವುದು ಪುಸ್ತಕಕ್ಕಿಂತ ಆ ರೀಲರ್ ಗೂಡಿಗೆ ಹಬೆ ಕೊಡುವ ಅಂಗಳದಲ್ಲಿ ಚೆನ್ನಾಗಿ ತಿಳಿಯಿತು.

ಗೂಡನ್ನು ಹಾಗೇ ಬಿಟ್ಟರೆ ಕೆಲವೇ ದಿನಗಳಲ್ಲಿ ಚಿಟ್ಟೆ ತೂತು ಕೊರೆದು ಹೊರಬರುತ್ತದೆ, ಎಳೆ ತುಂಡಾಗುತ್ತದೆ. ಅದಕ್ಕೇ ಹಬೆ ಕೊಡುವುದು. "ಒಳಗಿನ ಹುಳ ಸಾಯಬೇಕು, ಮೇಲಿನ ಗೂಡು ಕೆಡಬಾರದು. ಇಷ್ಟೇ ಸಾರ್ ಕೆಲಸ" ಎಂದರು ರೀಲರ್. ಶಾಖ ಕಡಿಮೆಯಾದರೆ ಹುಳ ಉಳಿಯುತ್ತದೆ. ಮಿತಿ ಮೀರಿದರೆ ಎಳೆಗಳನ್ನು ಹಿಡಿದಿರುವ ಸೆರಿಸಿನ್ ಎಂಬ ಅಂಟು ಬಿಗಿದು, ಬಿಸಿನೀರಿನ ಬೇಸಿನ್‌ನಲ್ಲಿ ಎಳೆ ಸಲೀಸಾಗಿ ಬಿಚ್ಚುವುದಿಲ್ಲ.

ವೈದ್ಯರ ಕಷ್ಟವೂ ಇದೇ. 60 ಡಿಗ್ರಿ ದಾಟಿದರೆ ಜೀವಕೋಶದ ಪ್ರೋಟೀನು ತಕ್ಷಣ ಹೆಪ್ಪುಗಟ್ಟುತ್ತದೆ. 43 ಡಿಗ್ರಿಯಿಂದ ಮೇಲೆ ಒಂದೊಂದು ಡಿಗ್ರಿ ಏರಿದಂತೆ ಕೋಶ ಸಾಯಲು ಬೇಕಾದ ಸಮಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಲೆಕ್ಕ ಸರಳ, ಸ್ತನ ಸರಳವಲ್ಲ. ಗೆಡ್ಡೆಯ ಸುತ್ತ ಕೊಬ್ಬು, ಮೇಲೆ ತೆಳು ಚರ್ಮ, ಕೆಳಗೆ ಎದೆಯ ಸ್ನಾಯು. ಕೊಬ್ಬಿನಲ್ಲಿ ಶಾಖ ಹರಿಯುವುದು ಬೇರೆ ರೀತಿ. ಅದಕ್ಕೆಂದೇ ಸಂಶೋಧಕರು ಮೊಲದ ಗೆಡ್ಡೆಯನ್ನು ಕೊಬ್ಬಿನಲ್ಲಿ ಹುದುಗಿಸಿ ಸುಟ್ಟು ನೋಡಿದರು, ಹಂದಿಯ ಸ್ತನದ ಅಂಗಾಂಶದಲ್ಲಿ ರೇಡಿಯೋ ತರಂಗದ ಶಾಖ ಎಲ್ಲಿಯವರೆಗೆ ಹರಡುತ್ತದೆಂದು ಅಳೆದರು. ಹಂದಿಯ ವರದಿ ಬಂದದ್ದು 2000ರಲ್ಲಿ, ಮೊಲದ್ದು 2001ರಲ್ಲಿ. ಆ ಮೂಕಪ್ರಾಣಿಗಳ ಋಣ ನನಗೆ ಸಣ್ಣದಾಗಿ ಕಾಣುವುದಿಲ್ಲ. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಡಿ ಇಂಥ ಪ್ರಯೋಗಕ್ಕೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕೇ ಬೇಕು. ಆ ನಿಯಮ ಎಲ್ಲಿಯೂ ಸಡಿಲವಾಗಬಾರದು.

ಹಬೆಯಿಂದ ಇಳಿಸಿದ ಗೂಡೊಂದನ್ನು ರೀಲರ್ ಬ್ಲೇಡಿನಿಂದ ಸೀಳಿದರು. ಕಂದು ಬಣ್ಣದ ಹುಳ ಅಂಗೈಗೆ ಉರುಳಿತು. ಬೆರಳಿನಿಂದ ಬಾಲ ಒತ್ತಿದರು, ಮಿಸುಕಲಿಲ್ಲ. ಇನ್ನೂ ನಾಲ್ಕು ಸೀಳಿ ನೋಡಿದ ಮೇಲೆಯೇ ತಲೆಯಾಡಿಸಿದ್ದು.

ಗೆಡ್ಡೆಯಲ್ಲಿ ಕೋಶ ಸತ್ತಿದೆಯೋ ಬದುಕಿದೆಯೋ ಹೇಳುವುದು ಇಷ್ಟು ಸುಲಭವಲ್ಲ. ಆಗತಾನೇ ಬೆಂದ ಕೋಶ ಸೂಕ್ಷ್ಮದರ್ಶಕದಡಿ ಸಾಮಾನ್ಯ ಬಣ್ಣದಲ್ಲಿ ಬದುಕಿರುವಂತೆಯೇ ಕಾಣಬಹುದು. ಹಾಗಾಗಿ ಜೀವವಿದ್ದರೆ ಮಾತ್ರ ನೀಲಿಯಾಗುವ ಇನ್ನೊಂದು ಬಣ್ಣ ಹಾಕುತ್ತಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವೈದ್ಯರು 1999ರಲ್ಲಿ ಪ್ರಕಟಿಸಿದ ಮೊದಲ ವರದಿಯಲ್ಲಿ 5 ಮಹಿಳೆಯರ ಗೆಡ್ಡೆಗೆ ಶಾಖ ಕೊಟ್ಟು, ಕೂಡಲೇ ಶಸ್ತ್ರಕ್ರಿಯೆಯಲ್ಲಿ ತೆಗೆದು ಹೀಗೇ ಪರೀಕ್ಷಿಸಿದ್ದರು. ಒಬ್ಬರಲ್ಲಿ ಒಂದು ಮಿಲಿಮೀಟರಿಗೂ ಕಡಿಮೆ ಜಾಗದಲ್ಲಿ ಜೀವ ಉಳಿದಿತ್ತು. ಅಂಥ ಚುಕ್ಕೆಯಿಂದಲೇ ರೋಗ ಮತ್ತೆ ಚಿಗುರಬಹುದು. ಜಪಾನಿನಲ್ಲಿ 2023ರ ಕೊನೆಗೆ ಈ ಚಿಕಿತ್ಸೆ ವಿಮೆಯಡಿ ಬಂತು. ಅದೂ 1.5 ಸೆಂಟಿಮೀಟರ್ ಒಳಗಿನ, ಆರಂಭದ ಗೆಡ್ಡೆಗಳಿಗೆ ಮಾತ್ರ. ಚಿಂತಾಮಣಿ, ಗೌರಿಬಿದನೂರು ಕಡೆಯಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬಸ್ಸು ಹತ್ತುವ ಹೆಂಗಸರಿಗೆ ಇವತ್ತಿಗೂ ಶಸ್ತ್ರಕ್ರಿಯೆಯೇ ಮುಖ್ಯ ದಾರಿ. ಕೈಗೆ ಗಂಟು ಸಿಕ್ಕ ದಿನವೇ ಅವರು ಬಸ್ಸು ಹತ್ತಲಿ ಎಂಬುದೇ ನನ್ನ ಆಸೆ.

ಒಳಗೆ ಬೇಸಿನ್ ಮುಂದೆ ಕೂತಿದ್ದ ಅಕ್ಕನ ಬೆರಳ ತುದಿಗಳು ನೆನೆದು ಬಿಳಿಚಿದ್ದವು. ಬಿಸಿನೀರಿನಲ್ಲಿ ಎಳೆ ಹುಡುಕುವ ಕೈಯನ್ನು ಅವರು ಆಗಾಗ ಪಕ್ಕದ ತಣ್ಣೀರಿನ ಬಟ್ಟಲಲ್ಲಿ ಅದ್ದುತ್ತಿದ್ದರು. ಗೆಡ್ಡೆ ಸುಡುವಾಗ ವೈದ್ಯರೂ ಚರ್ಮಕ್ಕೆ ಮಂಜುಗಡ್ಡೆ ಇಡುತ್ತಾರೆ, ಚರ್ಮಕ್ಕೂ ಗೆಡ್ಡೆಗೂ ನಡುವೆ ದ್ರವ ತುಂಬಿ ಅಂತರ ಮಾಡುತ್ತಾರೆ ಎಂದೆ.

"ಹಂಗಾದ್ರೆ ಮೇಲೆ ಸುಡಲ್ಲ ಅನ್ನಿ" ಎಂದು ಅಕ್ಕ ಕೈಯನ್ನು ಮತ್ತೆ ಬಿಸಿನೀರಿಗೆ ಇಳಿಸಿದರು.