‘ಸರ್ವರ್ ಇಲ್ಲ’ ಎಂಬ ಮಾತಿನ ಹಿಂದೆ

ಅಕ್ಷರ ಬಾರದ ಮುದುಕಿಯ ಬಾಯಲ್ಲೂ ಇಂದು ಸಲೀಸಾಗಿ ಹೊರಡುವ ಇಂಗ್ಲಿಷ್ ಮಾತೊಂದಿದ್ದರೆ ಅದು ‘ಸರ್ವರ್’ ಎಂಬುದೇ ಇರಬೇಕು. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ನಿಂತವರಿಗೂ, ಪಹಣಿಗಾಗಿ ನಾಡಕಚೇರಿಗೆ ಬಂದ ರೈತನಿಗೂ, ವಿದ್ಯಾರ್ಥಿವೇತನದ ಅರ್ಜಿ ತುಂಬುವ ನಮಗೂ ಒಂದಲ್ಲ ಒಂದು ದಿನ ದೊರೆಯುವ ಉತ್ತರ ಒಂದೇ: “ಸರ್ವರ್ ಇಲ್ಲ, ನಾಳೆ ಬನ್ನಿ.” ಕೂಲಿ ಬಿಟ್ಟು ಬಂದವರಿಗೆ ನಾಳೆ ಎಂದರೆ ಇನ್ನೊಂದು ದಿನದ ಕೂಲಿಯ ನಷ್ಟ. ಆದರೆ ಇಲ್ಲವಾದದ್ದು ಏನು, ಅದನ್ನು ಸರಿಪಡಿಸುವವರು ಯಾರು ಎಂದು ಕೇಳುವವರು ವಿರಳ. ಕಲಾ ವಿಭಾಗದ ವಿದ್ಯಾರ್ಥಿಗೆ ಈ ಗೊಡವೆ ಏಕೆಂದು ವಾಚಕರು ಕೇಳಬಹುದು. ರಾಜ್ಯಶಾಸ್ತ್ರದಲ್ಲಿ ನಾವು ಓದುವ ಪ್ರಜೆಯ ಹಕ್ಕುಗಳಲ್ಲಿ ಎಷ್ಟೋ ಈಗ ಈ ಯಂತ್ರದ ಮೂಲಕವೇ ಮನೆ ಸೇರಬೇಕಾಗಿರುವುದರಿಂದ ಇದು ನಮ್ಮ ಗೊಡವೆಯೂ ಹೌದು.

ನಾಟಕದಲ್ಲಿ ರಂಗ ಬೇರೆ, ನೇಪಥ್ಯ ಬೇರೆ. ಮೊಬೈಲಿನ ಪರದೆಯ ಮೇಲೆ ಕಾಣುವ ಬಣ್ಣ, ಅಕ್ಷರ, ಗುಂಡಿಗಳೆಲ್ಲ ರಂಗದ ಮೇಲಿನವು. ಗುಂಡಿ ಒತ್ತಿದ ಮೇಲೆ ಆ ಕೋರಿಕೆ ದೂರದ ಸರ್ವರ್ ಎಂಬ ಗಣಕಯಂತ್ರವನ್ನು ತಲುಪಿ, ಕೇಳಿದವರು ಯಾರೆಂದು ವಿಚಾರಿಸಲ್ಪಟ್ಟು, ಡೇಟಾಬೇಸ್ ಎಂಬ ದೊಡ್ಡ ಲೆಕ್ಕದ ಪುಸ್ತಕದಲ್ಲಿ ದಾಖಲಾಗಿ, ಉತ್ತರವಾಗಿ ಮರಳುತ್ತದೆ. ಈ ನೇಪಥ್ಯವನ್ನು ಕಟ್ಟಿ ಕಾಯುವವರೇ ಬ್ಯಾಕೆಂಡ್ ಎಂಜಿನಿಯರುಗಳು. ಇವರ ಕೆಲಸ ಚೆನ್ನಾಗಿ ನಡೆದಾಗ ಯಾರಿಗೂ ಕಾಣುವುದಿಲ್ಲ, ಕೆಟ್ಟಾಗ ಮಾತ್ರ ಎಲ್ಲರಿಗೂ ಕಾಣುತ್ತದೆ.

ನಮ್ಮ ಊರಿನವರೇ ಆದ ಹಿರಿಯ ಗೆಳೆಯರೊಬ್ಬರು ಬೆಂಗಳೂರಿನಲ್ಲಿ ಈ ವೃತ್ತಿಯಲ್ಲಿದ್ದಾರೆ. ಕಾವಲಿನ ಸರದಿ ಬಂದ ವಾರ ಅವರು ಫೋನನ್ನು ತಲೆದಿಂಬಿನ ಪಕ್ಕದಲ್ಲಿಟ್ಟುಕೊಂಡೇ ಮಲಗುತ್ತಾರೆ. ನಡುರಾತ್ರಿ ಅದು ಕೂಗಿದರೆ ಎದ್ದು ಕೂರಬೇಕು. ‘ಸರ್ವರ್ ಇಲ್ಲ’ ಎಂಬ ಒಂದೇ ಮಾತಿನಲ್ಲಿ ಹಲವು ರೋಗಗಳು ಅಡಗಿವೆಯೆಂದು ಅವರು ನನಗೆ ವಿವರಿಸಿದರು. ಊರಿನ ಇಂಟರ್ನೆಟ್ ತಂತಿ ಕಡಿದಿರಬಹುದು. ಕೊನೆಯ ದಿನವೆಂದು ಎಲ್ಲರೂ ಒಮ್ಮೆಲೇ ನುಗ್ಗಿ ಯಂತ್ರ ಬಸವಳಿದಿರಬಹುದು. ಯಂತ್ರ ನೆಟ್ಟಗಿದ್ದರೂ ಅದು ಮಾಹಿತಿ ಕೇಳುವ ಇನ್ನೊಂದು ಇಲಾಖೆಯ ಯಂತ್ರ ಮೌನವಾಗಿರಬಹುದು. ಜ್ವರವೆಂದೊಡನೆ ಒಂದೇ ಗುಳಿಗೆ ಕೊಡುವವನು ವೈದ್ಯನಲ್ಲ. ಮೊದಲು ದಾಖಲೆಗಳನ್ನು ನೋಡಿ ರೋಗವನ್ನು ಗುರುತಿಸು, ಆಮೇಲೆ ಕೈ ಹಾಕು ಎಂಬುದೇ ಈ ವೃತ್ತಿಯ ಮೊದಲ ಪಾಠ.

ಎರಡನೆಯ ಪಾಠ ‘ಅರ್ಧ ಕೆಲಸ ಕೂಡದು’ ಎಂಬುದು. ತಂದೆ ಮಗನಿಗೆ 500 ರೂಪಾಯಿ ಕಳಿಸುತ್ತಾರೆ ಎನ್ನೋಣ. ತಂದೆಯ ಖಾತೆಯಲ್ಲಿ 500 ಕಳೆಯಬೇಕು, ಮಗನ ಖಾತೆಯಲ್ಲಿ 500 ಕೂಡಬೇಕು. ಕಳೆದ ಕ್ಷಣದಲ್ಲೇ ವಿದ್ಯುತ್ತು ಹೋದರೆ ಹಣ ಯಾರದ್ದೂ ಅಲ್ಲದಂತಾಗುವುದು. ಆದುದರಿಂದ ಎರಡೂ ನಮೂದುಗಳು ಒಟ್ಟಿಗೇ ನಿಲ್ಲಬೇಕು, ಇಲ್ಲವೆ ಎರಡೂ ಅಳಿಸಿಹೋಗಬೇಕು. ಇದಕ್ಕೆ ಟ್ರಾನ್ಸಾಕ್ಷನ್ ಎಂದು ಹೆಸರು. ಇದಕ್ಕೆ ಶಾಸ್ತ್ರೀಯ ರೂಪ ಕೊಟ್ಟವರಲ್ಲಿ ಅಮೆರಿಕದ ಜಿಮ್ ಗ್ರೇ ಪ್ರಮುಖರು. 1998ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು.

ಹಣವಿರುವುದು ಎರಡು ಬೇರೆ ಬ್ಯಾಂಕುಗಳಲ್ಲಾದರೆ ಕೆಲಸ ಇನ್ನೂ ತೊಡಕಿನದು. ಉತ್ತರ ಬಾರದಿದ್ದಾಗ, ಹೋದ ಕೋರಿಕೆ ತಲುಪಲಿಲ್ಲವೋ ಅಥವಾ ತಲುಪಿ ಕೆಲಸವಾದ ಮೇಲೆ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಯಿತೋ ತಿಳಿಯುವುದಿಲ್ಲ. ಮತ್ತೆ ಕಳಿಸಿದರೆ ಹಣ ಎರಡು ಬಾರಿ ಹೋದೀತು, ಸುಮ್ಮನಿದ್ದರೆ ಹೋಗದೆಯೇ ಉಳಿದೀತು. ಇದಕ್ಕೆ ಕಂಡುಕೊಂಡ ಉಪಾಯ ನಮ್ಮ ಹಳೆಯ ಅಂಗಡಿಗಳ ರಸೀದಿ ಸಂಖ್ಯೆಯಂಥದ್ದೇ. ಪ್ರತಿ ಕೋರಿಕೆಗೂ ಬೇರೆಬೇರೆ ಸಂಖ್ಯೆ ಕೊಡುತ್ತಾರೆ. ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಹೊಸದಾಗಿ ಹಣ ಕಳೆಯದೆ ಹಿಂದಿನ ಉತ್ತರವನ್ನೇ ಮರಳಿ ಹೇಳುತ್ತದೆ. ಒಂದೇ ಕೋರಿಕೆ ಹತ್ತು ಬಾರಿ ಬಂದರೂ ಫಲ ಒಂದೇ ಆಗಿರಬೇಕು. ಇದು ಮೂರನೆಯ ಪಾಠ.

ನಾಲ್ಕನೆಯದು ಎಲ್ಲಕ್ಕಿಂತ ಕಠಿಣವಾದ ಪಾಠ. ತಂತ್ರಾಂಶ ಬರೆಯುವವರು ತಮ್ಮ ಬರಹಗಳನ್ನು ಇಟ್ಟುಕೊಳ್ಳುವ ತಾಣವನ್ನು ಗಿಟ್‌ಲ್ಯಾಬ್ ಎಂಬ ಕಂಪನಿ ನಡೆಸುತ್ತದೆ. 2017ರ ಜನವರಿ 31ರ ರಾತ್ರಿ ಅಲ್ಲಿನ ಎಂಜಿನಿಯರೊಬ್ಬರು ಕೆಟ್ಟಿದ್ದ ಎರಡನೆಯ ಯಂತ್ರದ ಮಾಹಿತಿಯನ್ನು ಅಳಿಸಲು ಹೊರಟು, ಮುಖ್ಯ ಯಂತ್ರದಲ್ಲಿಯೇ ಆ ಆಜ್ಞೆಯನ್ನು ಕೊಟ್ಟುಬಿಟ್ಟರು. ಕ್ಷಣಾರ್ಧದಲ್ಲಿ ಎಚ್ಚೆತ್ತು ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟ್ ಮಾಹಿತಿಯಲ್ಲಿ ಉಳಿದದ್ದು 4.5 ಮಾತ್ರ. ಪ್ರತಿ ಇದೆಯಲ್ಲ ಎಂದು ಹುಡುಕಿದರೆ, ರಕ್ಷಣೆಗೆಂದು ಏರ್ಪಡಿಸಿದ್ದ ಐದು ಬಗೆಗಳಲ್ಲಿ ಒಂದೂ ನಂಬುವಂತಿರಲಿಲ್ಲ. ದಿನವೂ ಪ್ರತಿ ತೆಗೆಯಬೇಕಾದ ಉಪಕರಣ ಡೇಟಾಬೇಸಿಗಿಂತ ಹಳೆಯ ಆವೃತ್ತಿಯದಾದ್ದರಿಂದ ಸೋಲುತ್ತಲೇ ಇತ್ತು. ಸೋಲನ್ನು ತಿಳಿಸುವ ಪತ್ರಗಳೂ ಯಾರ ಕೈಗೂ ತಲುಪಿರಲಿಲ್ಲ. ಸುಮಾರು ಆರು ಗಂಟೆಗಳ ಹಿಂದೆ ಬೇರೊಂದು ಕೆಲಸಕ್ಕಾಗಿ ಅದೇ ಎಂಜಿನಿಯರು ತೆಗೆದಿಟ್ಟಿದ್ದ ಪ್ರತಿಯೊಂದು ಅದೃಷ್ಟವಶಾತ್ ಕಾಪಾಡಿತು. ಆದರೂ ನಡುವಿನ ಗಂಟೆಗಳಲ್ಲಿ ಸೇರಿದ್ದ ದಾಖಲೆಗಳು ಮರಳಲಿಲ್ಲ. ಇಟ್ಟ ಪ್ರತಿಯನ್ನು ಒಮ್ಮೆಯಾದರೂ ತೆರೆದು ನೋಡದಿದ್ದರೆ ಅದು ಇದ್ದೂ ಇಲ್ಲದಂತೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾರು ಹೇಳಬಲ್ಲರು?

ಆಮೇಲೆ ಆದದ್ದು ಇನ್ನೂ ಗಮನಾರ್ಹ. ಕಂಪನಿ ಅದನ್ನು ಮುಚ್ಚಿಡಲಿಲ್ಲ. ಮಾಹಿತಿಯನ್ನು ಮರಳಿ ಪಡೆಯುವ ಕೆಲಸವನ್ನು ಲೋಕಕ್ಕೆಲ್ಲ ಕಾಣುವಂತೆ ನೇರವಾಗಿ ತೋರಿಸಿತು. ಬಳಿಕ ನಡೆದುದನ್ನೆಲ್ಲ ವಿವರವಾಗಿ ಬರೆದು ಪ್ರಕಟಿಸಿತು. ಆ ಎಂಜಿನಿಯರನ್ನು ಬಲಿಗೊಡದೆ, ಒಬ್ಬರ ಒಂದು ತಪ್ಪು ಇಷ್ಟು ದೊಡ್ಡ ಹಾನಿ ಮಾಡಲು ಎಡೆಯಾದದ್ದು ಹೇಗೆ ಎಂದು ಕೇಳಿಕೊಂಡಿತು. ತಪ್ಪಿಗೆ ದಂಡವೇ ಮದ್ದೆಂದರೆ ಎಲ್ಲರೂ ತಪ್ಪನ್ನು ಬಚ್ಚಿಡುವರು. ಬಚ್ಚಿಟ್ಟ ತಪ್ಪು ಮತ್ತೊಮ್ಮೆ ಬಂದೇ ಬರುವುದು.

ಈ ಪಾಠಗಳು ನಮಗೆ ದೂರದವಲ್ಲ. 2000ದ ಸುಮಾರಿಗೆ ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಕೈಬರಹದ ಪಹಣಿಯ ಮಾನ್ಯತೆ ನಿಂತಿತು. ಅಂದಿನಿಂದ ನಮ್ಮ ತಂದೆಯರ ಹೊಲಕ್ಕೆ ಆ ಕಾಣದ ಪುಸ್ತಕವೇ ಸಾಕ್ಷಿ. ಅದರಲ್ಲಿ ಒಂದಕ್ಷರ ತಪ್ಪಿದರೆ ಬಡವನು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುವುದು.

ಮನೆಯಲ್ಲಿ ಮೊದಲ ಬಾರಿಗೆ ಪದವಿಯ ಹೊಸ್ತಿಲೇರಿದ ನಮ್ಮಂಥವರಲ್ಲಿ ಕೆಲವರು ನಾಳೆ ಕಿಟಕಿಯ ಒಳಗೆ ಕೂರುವರು, ಕೆಲವರು ಹೊರಗೆ ನಿಲ್ಲುವರು. ಹೊರಗಿರುವವರು ಸುಮ್ಮನೆ ಮರಳದೆ, “ಏನು ಕೆಟ್ಟಿದೆ? ಯಾವಾಗ ಸರಿಹೋಗುತ್ತದೆ? ಅಲ್ಲಿಯವರೆಗೆ ಬೇರೆ ದಾರಿ ಏನು?” ಎಂದು ವಿನಯದಿಂದಲೇ ಕೇಳಲಿ. ಒಳಗಿರುವವರು ಉತ್ತರ ತಿಳಿದುಕೊಂಡು ಹೇಳಲಿ. ಯಂತ್ರ ಕೆಡುವುದು ಸಹಜ. ಕೆಟ್ಟಾಗ ಯಾರೂ ಹೊಣೆ ಹೊರದಿರುವುದು ಸಹಜವಾಗಬಾರದು.